ಹೃದಯದ ಎಂಆರ್‌ಐ ಓದಲು ಡೀಪ್ ಲರ್ನಿಂಗ್: ಕಲಬುರಗಿಯಲ್ಲಿ ಕೂತು ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಹೃದಯದ ಪಂಪ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಹೇಳುವ ಒಂದು ಸಂಖ್ಯೆ ಇದೆ. ಪೂರ್ತಿ ಹೆಸರು ಇಜೆಕ್ಷನ್ ಫ್ರಾಕ್ಷನ್. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅದು ಬರೀ ಇಎಫ್. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದು. 50ರ ಮೇಲಿದ್ದರೆ ಸಾಮಾನ್ಯವಾಗಿ ಚಿಂತೆ ಕಡಿಮೆ. 40 ಅಥವಾ ಅದಕ್ಕಿಂತ ಕೆಳಗಿದ್ದರೆ ಹೃದಯ ವೈಫಲ್ಯದ ಔಷಧಿಯ ದಾರಿಯೇ ಬೇರೆ. 35 ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಎದೆಯಲ್ಲಿ ಐಸಿಡಿ (ಬಡಿತ ಅಪಾಯಕರವಾಗಿ ಕೆಟ್ಟಾಗ ಶಾಕ್ ಕೊಟ್ಟು ಸರಿಪಡಿಸುವ) ಯಂತ್ರ ಕೂರಿಸಬೇಕಾ ಎಂಬ ಮಾತು ಬರುತ್ತದೆ. ಅಂದರೆ ಐದಾರು ಅಂಕ ಆಚೀಚೆ ಆದರೂ ರೋಗಿಯ ಚಿಕಿತ್ಸೆ ಬದಲಾಗಬಹುದು, ಮನೆಯವರ ಖರ್ಚೂ ಬದಲಾಗಬಹುದು.

ಇಎಫ್ ಅನ್ನು ಹೆಚ್ಚಾಗಿ ಎಕೋದಲ್ಲೇ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನಲ್ಲೇ, ನೋಡುತ್ತಾರೆ. ಆದರೆ ಹೃದಯದ ಗಾತ್ರ ಅಳೆಯುವ ವಿಷಯದಲ್ಲಿ ಎಂಆರ್‌ಐಯನ್ನೇ ಅಳತೆಗೋಲು ಎಂದು ಒಪ್ಪಿಕೊಂಡಿದ್ದಾರೆ. ತೊಡಕು ಏನೆಂದರೆ, ಚಿತ್ರ ತೆಗೆದ ಮೇಲೆ ಯಾರೋ ಒಬ್ಬರು ಕೂತು ಪ್ರತಿ ಸ್ಲೈಸ್ (ಹೃದಯದ ಒಂದು ಅಡ್ಡ ಕೊಯ್ತದ ಚಿತ್ರ) ಮೇಲೆ ಹೃತ್ಕುಕ್ಷಿಯ ಅಂಚಿಗೆ ಗೆರೆ ಎಳೆಯಬೇಕು. ಕೈ ಪಳಗಿದವರಿಗೂ ಒಬ್ಬ ರೋಗಿಗೆ ಸುಮಾರು 20 ನಿಮಿಷ ಹಿಡಿಯುತ್ತದೆ. ಈ ಗೆರೆ ಎಳೆಯುವ ಕೆಲಸವನ್ನೇ ಡೀಪ್ ಲರ್ನಿಂಗ್, ಅಂದರೆ ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ಮಾಡೆಲ್, ಕೆಲವೇ ಸೆಕೆಂಡಿನಲ್ಲಿ ಮಾಡಬಲ್ಲದು.

ಹೃದಯದ ಕಾಯಿಲೆ ಅಂದರೆ ಸೊಲ್ಲಾಪುರ, ಹೈದರಾಬಾದ್, ಬೆಂಗಳೂರು ಎಂದು ಓಡಾಡುತ್ತಿದ್ದ ಸೀಮೆ ನಮ್ಮದು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಯಾಯಿತು. 371ಜೆ ವಿಧಿಯ ನೆನಪಿಗೇ ಆ ಸಂಖ್ಯೆ. ಊರಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ವೈದ್ಯಕೀಯ ಕಾಲೇಜುಗಳಿವೆ. ಎರಡೂ ಕಡೆಯ ಹುಡುಗರು ಒಂದೇ ಮೇಜಿಗೆ ಬಂದರೆ ಈ ಕೆಲಸ ಇಲ್ಲೇ ಆಗುತ್ತದೆ. ಪೈಟಾರ್ಚ್ ಸ್ವಲ್ಪ ಗೊತ್ತಿರುವ, ಹೃದಯದ ಬಗ್ಗೆ ಪಿಯುಸಿಯಷ್ಟು ಓದಿರುವ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೀದರ್, ಯಾದಗಿರಿಯವರಿಗೂ ಇದೇ ದಾರಿ.

ಹಂತ 1: ಕೋಡ್ ಮುಟ್ಟುವ ಮೊದಲು ಚಿತ್ರ ನೋಡಿ

ಐಟಿಕೆ-ಸ್ನ್ಯಾಪ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ.

ನಮಗೆ ಬೇಕಾದದ್ದು ಸಿನೆ ಎಂಆರ್‌ಐ, ಅಂದರೆ ಹೃದಯ ಬಡಿಯುವುದನ್ನು ತೋರಿಸುವ ಚಲಿಸುವ ಚಿತ್ರ. ಅದರಲ್ಲೂ ಶಾರ್ಟ್ ಆಕ್ಸಿಸ್ ನೋಟ. ಹೃದಯವನ್ನು ಬುಡದಿಂದ ತುದಿಯವರೆಗೆ ಅಡ್ಡಡ್ಡ ಕೊಯ್ದು, ಜೋಳದ ರೊಟ್ಟಿ ಪೇರಿಸಿದ ಹಾಗೆ ಒಂದರ ಮೇಲೊಂದು ಇಟ್ಟಂತೆ. ಸಾಮಾನ್ಯವಾಗಿ ಹತ್ತರ ಆಸುಪಾಸು ಸ್ಲೈಸ್ ಇರುತ್ತವೆ. ಪ್ರತಿ ಸ್ಲೈಸ್‌ಗೂ ಒಂದು ಬಡಿತದ 25-30 ಫ್ರೇಮ್.

ಮಧ್ಯದ ಒಂದು ಸ್ಲೈಸ್ ತೆರೆಯಿರಿ. ನಡುವೆ ಬೆಳ್ಳಗಿನ ದುಂಡು ಕಾಣುತ್ತದೆ. ಅದು ಎಡ ಹೃತ್ಕುಕ್ಷಿಯೊಳಗಿನ ರಕ್ತ. ಅದರ ಸುತ್ತ ಕಪ್ಪು ಬಳೆ, ಅದು ಹೃದಯದ ಸ್ನಾಯು. ಪಕ್ಕಕ್ಕೆ ಚಂದ್ರನ ಚೂರಿನ ಆಕಾರದಲ್ಲಿ ಬೆಳ್ಳಗೆ ಅಂಟಿಕೊಂಡಿರುವುದು ಬಲ ಹೃತ್ಕುಕ್ಷಿ. ಬೆಳ್ಳಗಿನ ದುಂಡಿನೊಳಗೆ ಎರಡು ಕಪ್ಪು ಚುಕ್ಕೆ ಕಾಣಬಹುದು. ಅವು ಪ್ಯಾಪಿಲರಿ ಸ್ನಾಯು, ಕವಾಟವನ್ನು ಎಳೆದು ಹಿಡಿಯುವಂಥವು. ಇವನ್ನು ರಕ್ತದ ಲೆಕ್ಕಕ್ಕೆ ಸೇರಿಸಬೇಕಾ, ಸ್ನಾಯುವಿನ ಲೆಕ್ಕಕ್ಕಾ? ಎರಡೂ ಪದ್ಧತಿ ಇವೆ. ಯಾವುದಾದರೂ ಒಂದು ಹಿಡಿಯಿರಿ, ಆದರೆ ಕೊನೇವರೆಗೂ ಅದನ್ನೇ ಹಿಡಿಯಿರಿ. ಕೆಳಗೆ ಹೇಳುವ ಎಸಿಡಿಸಿ ಡೇಟಾದಲ್ಲಿ ರಕ್ತದ ಕಡೆ ಸೇರಿಸಿದ್ದಾರೆ. ನಿಮ್ಮ ಆಸ್ಪತ್ರೆಯ ವೈದ್ಯರು ಸ್ನಾಯುವಿಗೆ ಸೇರಿಸುವವರಾದರೆ ಮಾಡೆಲ್ ಎಷ್ಟೇ ಚೆನ್ನಾಗಿದ್ದರೂ ಇಬ್ಬರ ಸಂಖ್ಯೆ ಕೂಡುವುದಿಲ್ಲ.

ಈಗ ತುದಿಯ ಸ್ಲೈಸ್ ನೋಡಿ, ಆಮೇಲೆ ಬುಡದ ಸ್ಲೈಸ್ ನೋಡಿ. ತುದಿಯಲ್ಲಿ ಎಲ್ಲ ಮಸುಕು. ಬುಡದಲ್ಲಿ ಇದು ಹೃತ್ಕುಕ್ಷಿಯಾ ಹೃತ್ಕರ್ಣವಾ ಎಂದೇ ತಿಳಿಯುವುದಿಲ್ಲ. ಈ ಬುಡದ ಸ್ಲೈಸ್ ಅನ್ನು ನೆನಪಿಟ್ಟುಕೊಳ್ಳಿ, ಕೆಲಸದ ತಿರುಳು ಇರುವುದು ಅಲ್ಲೇ.

ಹಂತ 2: ಡೇಟಾ

ಆಸ್ಪತ್ರೆಯ ಡೇಟಾಗಾಗಿ ಕಾಯುತ್ತಾ ಕೂರಬೇಡಿ. ಕಲಿಕೆಗೆ ಬೇಕಾದಷ್ಟು ಬಯಲಲ್ಲೇ ಸಿಗುತ್ತದೆ. ಮೊದಲು ಎಸಿಡಿಸಿ ತೆಗೆದುಕೊಳ್ಳಿ. ಫ್ರಾನ್ಸಿನ ಡಿಜಾನ್ ವಿಶ್ವವಿದ್ಯಾಲಯ ಆಸ್ಪತ್ರೆಯ 150 ರೋಗಿಗಳ ಚಿತ್ರಗಳಿವು. 2017ರ ಸ್ಪರ್ಧೆಗೆಂದು ಸಿದ್ಧಪಡಿಸಿದ್ದು. 100 ತರಬೇತಿಗೆ, 50 ಪರೀಕ್ಷೆಗೆ. ಹೃದಯ ಪೂರ್ತಿ ಹಿಗ್ಗಿದ ಫ್ರೇಮ್, ಪೂರ್ತಿ ಕುಗ್ಗಿದ ಫ್ರೇಮ್, ಈ ಎರಡರಲ್ಲೂ ತಜ್ಞರು ಎಳೆದ ಗೆರೆಗಳಿವೆ. ಲೇಬಲ್ ಸಂಖ್ಯೆ 1 ಅಂದರೆ ಬಲ ಹೃತ್ಕುಕ್ಷಿ, 2 ಸ್ನಾಯು, 3 ಎಡ ಹೃತ್ಕುಕ್ಷಿ. ಯಾವ ಫ್ರೇಮ್ ಯಾವುದು ಎಂಬುದು ಪ್ರತಿ ರೋಗಿಯ ಫೋಲ್ಡರ್‌ನಲ್ಲಿರುವ ಪುಟ್ಟ ಇನ್ಫೋ ಫೈಲ್‌ನಲ್ಲಿ ಬರೆದಿರುತ್ತದೆ.

ಇಲ್ಲಿ ತುಂಬ ಜನ ಎಡವುವ ಒಂದು ಜಾಗ ಇದೆ. ತರಬೇತಿಯ 100 ರೋಗಿಗಳನ್ನು ಕಾಯಿಲೆಯ ಪ್ರಕಾರ ಸಾಲಾಗಿ ಜೋಡಿಸಿದ್ದಾರೆ. ಮೊದಲ 20 ಹೃದಯ ಹಿಗ್ಗಿದವರು, ಆಮೇಲಿನ 20 ಸ್ನಾಯು ದಪ್ಪಗಾದವರು, ನಂತರ ಹಾರ್ಟ್ ಅಟ್ಯಾಕ್ ಆಗಿದ್ದವರು, ಆಮೇಲೆ ಆರೋಗ್ಯವಂತರು, ಕೊನೆಯ 20 ಬಲ ಹೃತ್ಕುಕ್ಷಿಯ ತೊಂದರೆಯವರು. ಮೊದಲ 80 ತರಬೇತಿಗೆ, ಕೊನೆಯ 20 ಪರಿಶೀಲನೆಗೆ ಎಂದು ಸುಮ್ನೆ ಕತ್ತರಿಸಿದರೆ ಏನಾಗುತ್ತದೆ? ಮಾಡೆಲ್ ಎಂದೂ ನೋಡದ ಕಾಯಿಲೆಯ ಮೇಲೆ ಮಾತ್ರ ನೀವು ಅದನ್ನು ಪರೀಕ್ಷಿಸುತ್ತೀರಿ. ಐದೂ ಗುಂಪಿನಿಂದ ಸಮನಾಗಿ ಆರಿಸಿ.

ಇನ್ನೊಂದು, ವಿಂಗಡಣೆ ರೋಗಿಯ ಪ್ರಕಾರ ಆಗಬೇಕು, ಸ್ಲೈಸ್ ಪ್ರಕಾರ ಅಲ್ಲ. ಒಬ್ಬ ರೋಗಿಯ ಮೂರನೇ ಸ್ಲೈಸ್ ತರಬೇತಿಯಲ್ಲಿ, ನಾಲ್ಕನೇದು ಪರಿಶೀಲನೆಯಲ್ಲಿ ಇದ್ದರೆ ಬರುವ ಅಂಕ ಸುಳ್ಳು. ಪ್ರಾಜೆಕ್ಟ್ ವರದಿಗಳಲ್ಲಿ ಡೈಸ್ ಅಂಕ (ಮಾಡೆಲ್ ಗುರುತಿಸಿದ ಆಕಾರ ತಜ್ಞರದರ ಜೊತೆ ಎಷ್ಟು ಹೊಂದುತ್ತದೆ ಎಂಬ 0ರಿಂದ 1ರ ಲೆಕ್ಕ) 0.98, 0.99 ಎಂದು ಕಂಡಾಗೆಲ್ಲ ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಎರಡನೇದು ಎಂ ಆ್ಯಂಡ್ ಎಂಸ್ ಡೇಟಾ, 2020ರದು. 375 ಜನರ ಚಿತ್ರಗಳು. ಸ್ಪೇನ್, ಜರ್ಮನಿ, ಕೆನಡಾದ ಆಸ್ಪತ್ರೆಗಳಿಂದ ಬಂದದ್ದು. ಸೀಮೆನ್ಸ್, ಫಿಲಿಪ್ಸ್, ಜಿಇ, ಕ್ಯಾನನ್, ಹೀಗೆ ನಾಲ್ಕು ಕಂಪನಿಯ ಯಂತ್ರಗಳು. ಇದನ್ನು ತರಬೇತಿಗೆ ಬಳಸಬೇಡಿ, ಎತ್ತಿಟ್ಟುಕೊಳ್ಳಿ. ಎಸಿಡಿಸಿ ಪೂರ್ತಿ ಸೀಮೆನ್ಸ್ ಯಂತ್ರದ್ದು. ಬೇರೆ ಯಂತ್ರದ ಚಿತ್ರ ಕೊಟ್ಟಾಗ ನಿಮ್ಮ ಮಾಡೆಲ್ ಎಷ್ಟು ತಡವರಿಸುತ್ತದೆ ಎಂದು ತಿಳಿಯಲು ಇದು ಬೇಕು.

ಹಂತ 3: ಚಿತ್ರಗಳನ್ನು ಹದ ಮಾಡುವುದು

ನಿಬಾಬೆಲ್ ಅಥವಾ ಸಿಂಪಲ್‌ಐಟಿಕೆ ಲೈಬ್ರರಿಯಿಂದ ಫೈಲ್ ತೆರೆಯಿರಿ. ಮೊದಲು ಪಿಕ್ಸೆಲ್ ಅಳತೆ ಪ್ರಿಂಟ್ ಮಾಡಿ ನೋಡಿ. ಒಬ್ಬ ರೋಗಿಯದು 1.37 ಮಿಲಿಮೀಟರ್ ಇದ್ದರೆ ಇನ್ನೊಬ್ಬರದು 1.68 ಇರಬಹುದು. ಎಲ್ಲವನ್ನೂ 1.5ಕ್ಕೆ ತನ್ನಿ. ಚಿತ್ರಕ್ಕೆ ಲೀನಿಯರ್ ವಿಧಾನ, ಲೇಬಲ್‌ಗೆ ನಿಯರೆಸ್ಟ್ ನೇಬರ್. ಲೇಬಲ್‌ಗೂ ಲೀನಿಯರ್ ಹಾಕಿದರೆ 1 ಮತ್ತು 3ರ ನಡುವೆ 2 ಹುಟ್ಟುತ್ತದೆ, ಸ್ನಾಯುವೇ ಇಲ್ಲದ ಕಡೆ ಸ್ನಾಯು ಬರುತ್ತದೆ.

ಸ್ಲೈಸ್‌ಗಳ ನಡುವಿನ ದೂರವನ್ನು ಮಾತ್ರ ಮುಟ್ಟಬೇಡಿ. ಅದು ಹೆಚ್ಚಾಗಿ 10 ಮಿಲಿಮೀಟರ್ ಇರುತ್ತದೆ. ಅದನ್ನೂ 1.5ಕ್ಕೆ ಇಳಿಸಲು ಹೋದರೆ ಯಂತ್ರ ನೋಡಿಯೇ ಇಲ್ಲದ ಜಾಗಕ್ಕೆ ನೀವೇ ಚಿತ್ರ ಕಟ್ಟಿದಂತೆ.

ಬೆಳಕು ಕತ್ತಲೆಯ ವಿಷಯ ಬೇಗ ಮುಗಿಯುತ್ತದೆ. ಎಂಆರ್‌ಐ ಪಿಕ್ಸೆಲ್‌ಗೆ ಸಿಟಿ ಸ್ಕ್ಯಾನ್‌ನಂತೆ ನಿಗದಿತ ಅರ್ಥ ಇಲ್ಲ. ಹಾಗಾಗಿ ಪ್ರತಿ ರೋಗಿಯ ಚಿತ್ರದಲ್ಲೂ ಅತಿ ಕಡಿಮೆ, ಅತಿ ಹೆಚ್ಚಿನ ಶೇಕಡಾ ಒಂದನ್ನು ಕತ್ತರಿಸಿ, ಸರಾಸರಿ ಕಳೆದು, ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ ಭಾಗಿಸಿ. ಸಾಕು.

ಹಂತ 4: ಕಂಪ್ಯೂಟರ್ ಎಲ್ಲಿಂದ ತರುವುದು

ಕೈಯಲ್ಲಿ ಜಿಪಿಯು (ತರಬೇತಿಯ ಲೆಕ್ಕ ವೇಗವಾಗಿ ಮಾಡುವ ಕಾರ್ಡ್) ಇಲ್ಲ ಎಂದು ಕೈಬಿಡಬೇಡಿ. ಕ್ಯಾಗಲ್‌ನಲ್ಲಿ ವಾರಕ್ಕೆ ಸುಮಾರು 30 ಗಂಟೆ ಉಚಿತ ಜಿಪಿಯು ಸಿಗುತ್ತದೆ. ಕೊಲಾಬ್‌ನ ಉಚಿತ ಟಿ4 ಜಿಪಿಯು ಕೂಡ 2ಡಿ ಮಾಡೆಲ್‌ಗೆ ಧಾರಾಳ. ಸೆಷನ್ ನಡುವೆ ಕಡಿದುಹೋಗುತ್ತದೆ, ಅದಕ್ಕೆ ತರಬೇತಿಯ ಕೆಲವು ಸುತ್ತಿಗೊಮ್ಮೆ ಅಲ್ಲಿಯವರೆಗೆ ಕಲಿತ ಮಾಡೆಲ್‌ನ ಪ್ರತಿ, ಅಂದರೆ ಚೆಕ್‌ಪಾಯಿಂಟ್ ಉಳಿಸಿ. ಕಾಲೇಜಿನ ಲ್ಯಾಬ್‌ನಲ್ಲಿ ಸ್ವಂತ ಜಿಪಿಯು ಇದ್ದವರಿಗೆ ಒಂದು ಮಾತು: ನಮ್ಮ ಊರಿನ ಮೇ ತಿಂಗಳು ನಿಮಗೇ ಗೊತ್ತು, 42 ಡಿಗ್ರಿ ದಾಟುತ್ತದೆ. ಬಿಸಿಯಾದ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ತರಬೇತಿಯನ್ನು ರಾತ್ರಿಗೆ ಹಾಕಿ. ಯುಪಿಎಸ್ ಇಲ್ಲದೆ ಹಾಕಬೇಡಿ, ಕರೆಂಟ್ ಹೋದರೆ ಅರ್ಧ ಬರೆದ ಚೆಕ್‌ಪಾಯಿಂಟ್ ಫೈಲೂ ಕೆಡುತ್ತದೆ.

ಹಂತ 5: ಮಾಡೆಲ್

2015ರಲ್ಲಿ ಜರ್ಮನಿಯ ಫ್ರೈಬುರ್ಗ್‌ನವರು ಯು-ನೆಟ್ ಎಂಬ ವಿನ್ಯಾಸ ಕೊಟ್ಟರು. ಚಿತ್ರವನ್ನು ಹಂತ ಹಂತವಾಗಿ ಕುಗ್ಗಿಸಿ ಒಟ್ಟು ನೋಟ ಹಿಡಿಯುತ್ತದೆ, ಮತ್ತೆ ಹಿಗ್ಗಿಸಿ ಗೆರೆ ಎಲ್ಲಿ ಎಂದು ಹೇಳುತ್ತದೆ. ಕುಗ್ಗಿಸುವಾಗ ಕಳೆದ ವಿವರವನ್ನು ಹಿಗ್ಗಿಸುವಾಗ ಅಡ್ಡದಾರಿಯಲ್ಲಿ ವಾಪಸ್ ಕೊಡುತ್ತದೆ. ಹತ್ತು ವರ್ಷ ಕಳೆದರೂ ಈ ಕೆಲಸಕ್ಕೆ ಇದೇ ಗಟ್ಟಿ ಬುನಾದಿ.

ನನ್ನ ಸಲಹೆ ಎರಡು ಭಾಗದ್ದು. ಮೊದಲು ನೀವೇ ಕೈಯಾರೆ ಒಂದು 2ಡಿ ಯು-ನೆಟ್ ಬರೆಯಿರಿ. ಒಂದು ಸ್ಲೈಸ್ ಒಳಗೆ ಹೋಗಬೇಕು, ನಾಲ್ಕು ಪದರ ಹೊರಗೆ ಬರಬೇಕು: ಹಿನ್ನೆಲೆ, ಬಲ ಹೃತ್ಕುಕ್ಷಿ, ಸ್ನಾಯು, ಎಡ ಹೃತ್ಕುಕ್ಷಿ. ಲಾಸ್‌ಗೆ (ಮಾಡೆಲ್ ಎಷ್ಟು ತಪ್ಪಿದೆ ಎಂಬ ಲೆಕ್ಕಕ್ಕೆ) ಡೈಸ್ ಮತ್ತು ಕ್ರಾಸ್ ಎಂಟ್ರಪಿ (ಒಂದೊಂದು ಪಿಕ್ಸೆಲ್‌ನ ತಪ್ಪನ್ನೂ ಎಣಿಸುವುದು) ಎರಡನ್ನೂ ಕೂಡಿಸಿ. ಬರೀ ಕ್ರಾಸ್ ಎಂಟ್ರಪಿ ಹಾಕಿದರೆ ಹಿನ್ನೆಲೆಯೇ ಜಾಸ್ತಿ ಇರುವುದರಿಂದ ಸಣ್ಣ ಭಾಗಗಳ ಕಡೆ ಗಮನ ಕಡಿಮೆಯಾಗುತ್ತದೆ.

ಅದು ಓಡಿದ ಮೇಲೆ ಎನ್ಎನ್‌ಯು-ನೆಟ್ ಓಡಿಸಿ. ಹೈಡೆಲ್‌ಬರ್ಗ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಮಾಡಿದ್ದು, 2021ರಲ್ಲಿ ಪ್ರಕಟವಾಯಿತು. ಪಿಕ್ಸೆಲ್ ಅಳತೆ, ಬ್ಯಾಚ್ ಗಾತ್ರ, ಪದರ ಎಷ್ಟು ಎಂಬುದನ್ನೆಲ್ಲ ಡೇಟಾ ನೋಡಿ ತಾನೇ ತೀರ್ಮಾನಿಸುತ್ತದೆ. ಪೂರ್ವನಿಯೋಜಿತವಾಗಿ 1000 ಸುತ್ತು ಓಡುತ್ತದೆ, ಉಚಿತ ಜಿಪಿಯುನಲ್ಲಿ ಕಡಿಮೆ ಸುತ್ತಿನ ಆವೃತ್ತಿ ಆರಿಸಿಕೊಳ್ಳಿ. ನಿಮ್ಮ ಸ್ವಂತ ಮಾಡೆಲ್ ಇದನ್ನು ಮೀರಿಸದಿದ್ದರೆ ಹೊಸತೇನೋ ಮಾಡಿದೆವು ಎಂದು ಹೇಳುವಂತಿಲ್ಲ. ಟ್ರಾನ್ಸ್‌ಫಾರ್ಮರ್ ಎಂಬ ಹೊಸ ಬಗೆಯ ಮಾಡೆಲ್ ಹಾಕಿದೆವು ಎಂಬ ಒಂದೇ ಕಾರಣಕ್ಕೆ ಬೀಗುವ ಪ್ರಾಜೆಕ್ಟ್‌ಗಳು ಬಹಳ ಬರುತ್ತಿವೆ. 100 ರೋಗಿಗಳ ಡೇಟಾದಲ್ಲಿ ಚೆನ್ನಾಗಿ ಹದ ಮಾಡಿದ ಯು-ನೆಟ್ಟನ್ನು ಮೀರುವುದು ಸುಲಭವಲ್ಲ.

ಆಗ್ಮೆಂಟೇಶನ್‌ಗೆ (ಇದ್ದ ಚಿತ್ರವನ್ನೇ ಬದಲಿಸಿ ತರಬೇತಿಗೆ ಹೆಚ್ಚು ಮಾದರಿ ಮಾಡಿಕೊಳ್ಳಲು) ತಿರುಗಿಸುವುದು, ಸ್ವಲ್ಪ ಹಿಗ್ಗಿಸಿ ಕುಗ್ಗಿಸುವುದು, ಬೆಳಕು ಮತ್ತು ಕಾಂಟ್ರಾಸ್ಟ್ ಬದಲಿಸುವುದು ಇರಲಿ. ಕನ್ನಡಿಯಂತೆ ಎಡಬಲ ಅದಲುಬದಲು ಮಾಡುವುದನ್ನು ನಾನು ಬಿಡುತ್ತೇನೆ. ಬಲ ಹೃತ್ಕುಕ್ಷಿ ಯಾವ ಪಕ್ಕ ಇರುತ್ತದೆ ಎಂಬುದೂ ಮಾಡೆಲ್‌ಗೆ ಸಿಗಬೇಕಾದ ತಿಳಿವಳಿಕೆ.

ಹಂತ 6: ಗೆರೆಯಿಂದ ಇಎಫ್‌ವರೆಗೆ

ಇಲ್ಲಿ ನಿಧಾನವಾಗಿ ಹೋಗೋಣ, ಯಾಕೆಂದರೆ ಹೆಚ್ಚಿನ ಟ್ಯುಟೋರಿಯಲ್‌ಗಳು ಡೈಸ್ ಅಂಕ ಹೇಳಿ ಇಲ್ಲಿಗೇ ಮುಗಿಸಿಬಿಡುತ್ತವೆ.

ಪಿಕ್ಸೆಲ್ 1.5 ಮಿಲಿಮೀಟರ್ ಚೌಕ. ಅಂದರೆ 2.25 ಚದರ ಮಿಲಿಮೀಟರ್. ಸ್ಲೈಸ್‌ಗಳ ನಡುವಿನ ದೂರ 10 ಮಿಲಿಮೀಟರ್. ಗುಣಿಸಿದರೆ ಒಂದು ಪಿಕ್ಸೆಲ್‌ಗೆ 22.5 ಘನ ಮಿಲಿಮೀಟರ್, ಅಂದರೆ 0.0225 ಎಂಎಲ್. ಎಡ ಹೃತ್ಕುಕ್ಷಿಯ ಪಿಕ್ಸೆಲ್‌ಗಳನ್ನೆಲ್ಲ ಎಣಿಸಿ ಇದರಿಂದ ಗುಣಿಸಿದರೆ ಗಾತ್ರ ಸಿಕ್ಕಿತು. ಒಂದು ಎಚ್ಚರ: ಸ್ಲೈಸ್ ದಪ್ಪ 8, ನಡುವಿನ ಖಾಲಿ ಜಾಗ 2 ಇದ್ದಾಗ ಬಳಸಬೇಕಾದದ್ದು 10, ಬರೀ 8 ಅಲ್ಲ. ಫೈಲ್‌ನಲ್ಲಿ ದಪ್ಪ ಬೇರೆ, ಅಂತರ ಬೇರೆ ಬರೆದಿರುತ್ತದೆ. 8 ಹಾಕಿದರೆ ಗಾತ್ರ ಐದರಲ್ಲಿ ಒಂದು ಪಾಲು ಕಡಿಮೆ ಬರುತ್ತದೆ. ಇಎಫ್ ಮಾತ್ರ ಸರಿಯಾಗೇ ಬರುತ್ತದೆ, ಯಾಕೆಂದರೆ ಅದು ಅನುಪಾತ. ಹಾಗಾಗಿ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ಹಿಗ್ಗಿದಾಗ 220 ಎಂಎಲ್, ಕುಗ್ಗಿದಾಗ 143 ಎಂಎಲ್. ವ್ಯತ್ಯಾಸ 77. ಅದನ್ನು 220ರಿಂದ ಭಾಗಿಸಿದರೆ ಇಎಫ್ 35.

ಈಗ ಬುಡದ ಸ್ಲೈಸ್‌ಗೆ ಬನ್ನಿ. ಹೃದಯ ಕುಗ್ಗುವಾಗ ಮೈಟ್ರಲ್ ಕವಾಟದ ತಳ ತುದಿಯ ಕಡೆಗೆ ಸರಿಯುತ್ತದೆ. ಆರೋಗ್ಯವಂತರಲ್ಲಿ ಒಂದು ಸೆಂಟಿಮೀಟರ್‌ಗೂ ಜಾಸ್ತಿ. ಸ್ಲೈಸ್ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಆದ್ದರಿಂದ ಹಿಗ್ಗಿದ ಫ್ರೇಮ್‌ನಲ್ಲಿ ಹೃತ್ಕುಕ್ಷಿಯಾಗಿದ್ದ ಸ್ಲೈಸ್, ಕುಗ್ಗಿದ ಫ್ರೇಮ್‌ನಲ್ಲಿ ಹೃತ್ಕರ್ಣ ಆಗಿರಬಹುದು. ಆಗದೆಯೂ ಇರಬಹುದು. ಹೃದಯ ಸೋತವರಲ್ಲಿ ಈ ಸರಿಯುವಿಕೆ ಕಡಿಮೆ. ನಮ್ಮ ಈ ರೋಗಿಯಲ್ಲಿ ಅದು ಇನ್ನೂ ಹೃತ್ಕುಕ್ಷಿಯೇ. ಆದರೆ ಮಾಡೆಲ್ ಹೃತ್ಕರ್ಣ ಎಂದುಕೊಂಡು ಖಾಲಿ ಬಿಟ್ಟಿತು ಅನ್ನಿ. ಆ ಒಂದು ಸ್ಲೈಸ್‌ನಲ್ಲಿ ಇದ್ದದ್ದು 560 ಪಿಕ್ಸೆಲ್, ಅಂದರೆ 12.6 ಎಂಎಲ್. ಕುಗ್ಗಿದ ಗಾತ್ರ 143ರ ಬದಲು 130.4 ಆಯಿತು. ಇಎಫ್ 35 ಇದ್ದದ್ದು ಸುಮಾರು 41 ಆಯಿತು.

ಐಸಿಡಿ ಬೇಕಾ ಎಂದು ಯೋಚಿಸಬೇಕಾದ ರೋಗಿ ಈಗ 40ರ ಗೆರೆಯನ್ನೂ ದಾಟಿಬಿಟ್ಟರು. ಉಳಿದ ಸ್ಲೈಸ್‌ಗಳೆಲ್ಲ ಪಕ್ಕಾ ಇದ್ದರೆ ಆ ಫ್ರೇಮ್‌ನ ಡೈಸ್ ಅಂಕ ಎಷ್ಟು ಗೊತ್ತಾ? 0.95. ಎಡ ಹೃತ್ಕುಕ್ಷಿಗೆ ಸ್ಪರ್ಧೆಗಳಲ್ಲಿ ಒಳ್ಳೆಯದು ಎನ್ನುವ ಅಂಕವೇ ಇದು. ಎರಡು ಆಕಾರಗಳು ಎಷ್ಟು ಒಂದರ ಮೇಲೊಂದು ಕೂತಿವೆ ಎಂದಷ್ಟೇ ಡೈಸ್ ಹೇಳುತ್ತದೆ. ತಪ್ಪು ಎಲ್ಲಿ ಆಗಿದೆ, ಅದರಿಂದ ರೋಗಿಗೆ ಏನಾಗುತ್ತದೆ ಎಂದು ಹೇಳುವುದಿಲ್ಲ. ಈ ಬರಹದಲ್ಲಿ ಒಂದೇ ಒಂದು ಹಂತಕ್ಕೆ ಸಮಯ ಕೊಡಬಲ್ಲಿರಾದರೆ ಇದಕ್ಕೇ ಕೊಡಿ.

ಪರಿಹಾರಗಳಿವೆ. ಉದ್ದುದ್ದ ನೋಟದ ಚಿತ್ರಗಳಲ್ಲಿ, ಅಂದರೆ ಟೂ ಚೇಂಬರ್, ಫೋರ್ ಚೇಂಬರ್ ನೋಟಗಳಲ್ಲಿ, ಕವಾಟ ಎಲ್ಲಿದೆ ಎಂದು ಚೆನ್ನಾಗಿ ಕಾಣುತ್ತದೆ. ಎಸಿಡಿಸಿಯಲ್ಲಿ ಅವು ಇಲ್ಲ, ಆಸ್ಪತ್ರೆಯಲ್ಲಿ ಇರುತ್ತವೆ. ಕವಾಟದ ಎರಡು ಬಿಂದು ಗುರುತಿಸುವ ಚಿಕ್ಕ ಮಾಡೆಲ್ ಒಂದನ್ನು ಬೇರೆ ಮಾಡಿ, ಅದರ ಆಧಾರದಲ್ಲಿ ಬುಡದ ಗಡಿ ನಿಲ್ಲಿಸಬಹುದು. ಅಷ್ಟು ಆಗದಿದ್ದರೆ ಎಲ್ಲ ಫ್ರೇಮ್‌ಗಳ ಮೇಲೂ ಮಾಡೆಲ್ ಓಡಿಸಿ ಗಾತ್ರದ ಗ್ರಾಫ್ ಹಾಕಿ. ಅದು ನಯವಾಗಿ ಇಳಿದು ಏರಬೇಕು. ಒಂದು ಫ್ರೇಮ್‌ನಿಂದ ಮುಂದಿನದಕ್ಕೆ 10-12 ಎಂಎಲ್ ದಿಢೀರ್ ಬಿದ್ದಿದ್ದರೆ ಅಲ್ಲಿ ಬುಡದ ಸ್ಲೈಸ್ ಕೈಕೊಟ್ಟಿದೆಯಾ ಎಂದು ತೆರೆದು ನೋಡಿ.

ಹಂತ 7: ಪರೀಕ್ಷೆ

ಡೈಸ್ ಜೊತೆ ಹೌಸ್‌ಡಾರ್ಫ್ ದೂರ ಹಾಕಿ. ಗೆರೆ ಅತಿ ಹೆಚ್ಚು ಎಷ್ಟು ದೂರ ತಪ್ಪಿದೆ ಎಂದು ಅದು ಮಿಲಿಮೀಟರ್‌ನಲ್ಲಿ ಹೇಳುತ್ತದೆ. ಇಎಫ್‌ಗೆ ಬ್ಲಾಂಡ್-ಆಲ್ಟ್‌ಮನ್ ಚಿತ್ರ ಬರೆಯಿರಿ, ವೈದ್ಯರ ಇಎಫ್‌ಗೂ ಮಾಡೆಲ್‌ನದಕ್ಕೂ ಇರುವ ವ್ಯತ್ಯಾಸವನ್ನು ರೋಗಿವಾರು ತೋರಿಸುವಂಥದು. ಕೋರಿಲೇಶನ್ (ಎರಡು ಸಂಖ್ಯೆ ಎಷ್ಟು ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬುದು) ಒಂದನ್ನೇ ಕೊಡಬೇಡಿ. ಎಲ್ಲರಿಗೂ ಆರು ಅಂಕ ಜಾಸ್ತಿ ಹೇಳುವ ಮಾಡೆಲ್‌ಗೂ ಕೋರಿಲೇಶನ್ 1 ಬರುತ್ತದೆ, ಅಲ್ವಾ? ಬುಡ, ನಡು, ತುದಿ ಎಂದು ಬೇರೆ ಬೇರೆ ಅಂಕ ಕೊಡಿ. ಐದು ಕಾಯಿಲೆ ಗುಂಪಿಗೂ ಬೇರೆ ಬೇರೆ ಕೊಡಿ. ಆಮೇಲೆ ಎತ್ತಿಟ್ಟಿದ್ದ ಎಂ ಆ್ಯಂಡ್ ಎಂಸ್ ತೆಗೆದು, ಕಂಪನಿವಾರು ನೋಡಿ.

ಹಂತ 8: ನಮ್ಮ ಊರಿನ ಚಿತ್ರಗಳ ಮೇಲೆ

ಡಿಜಾನ್‌ನ ರೋಗಿಗಳ ಮೇಲೆ ಕಲಿತ ಮಾಡೆಲ್ ಇಲ್ಲಿನವರಿಗೆ ಹೊಂದುತ್ತದೆ ಎಂದು ನಂಬಿ ಕೂರುವಂತಿಲ್ಲ. ಎಸಿಡಿಸಿಯ ಐದು ಗುಂಪಿನಲ್ಲಿ ವಾತಜ್ವರದಿಂದ ಕವಾಟ ಕೆಟ್ಟವರಿಗೆ ಗುಂಪೇ ಇಲ್ಲ. ನಮ್ಮ ದೇಶದಲ್ಲಿ ಅಂಥವರು ಇನ್ನೂ ಇದ್ದಾರೆ. ಅವರಲ್ಲಿ ಬಡಿತ ತಪ್ಪುವುದೂ ಉಂಟು. ಬಡಿತ ತಪ್ಪಿದರೆ ಇಸಿಜಿ ಆಧಾರದಲ್ಲಿ ಜೋಡಿಸುವ ಸಿನೆ ಚಿತ್ರವೇ ಮಸುಕಾಗುತ್ತದೆ.

ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಮೊದಲು. ವೈದ್ಯಕೀಯದಲ್ಲಿ ಎಐ ಬಳಕೆಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2023ರಲ್ಲಿ ಮಾರ್ಗಸೂಚಿ ಕೊಟ್ಟಿದೆ, ಅರ್ಜಿ ಬರೆಯುವ ಮೊದಲು ಓದಿ. ಡೈಕಾಮ್ ಫೈಲ್‌ನಲ್ಲಿ (ಸ್ಕ್ಯಾನ್ ಯಂತ್ರ ಕೊಡುವ ಚಿತ್ರದ ಫೈಲ್) ರೋಗಿಯ ಹೆಸರು 0010,0010 ಎಂಬ ಟ್ಯಾಗ್‌ನಲ್ಲಿ, ಐಡಿ 0010,0020ರಲ್ಲಿ, ಹುಟ್ಟಿದ ದಿನ 0010,0030ರಲ್ಲಿ ಇರುತ್ತದೆ. ಇವನ್ನು ಅಳಿಸಿದರೆ ಮುಗಿಯಲಿಲ್ಲ. ನಮ್ಮ ಕಡೆ ಊರಿನ ಹೆಸರೇ ಅಡ್ಡಹೆಸರು. ಸೇಡಂ, ಜೇವರ್ಗಿ, ಚಿಂಚೋಳಿ ಎಂಬ ಪದ ಟಿಪ್ಪಣಿಯ ಜಾಗದಲ್ಲೋ ಫೋಲ್ಡರ್ ಹೆಸರಿನಲ್ಲೋ ಉಳಿದುಬಿಟ್ಟರೆ, ಜೊತೆಗೆ ವಯಸ್ಸು ಮತ್ತು ತಾರೀಕು ಸೇರಿದರೆ, ಯಾರು ಎಂದು ಗುರುತು ಹಿಡಿಯುವುದು ಕಷ್ಟವಲ್ಲ. ಎಲ್ಲ ಪಠ್ಯದ ಜಾಗಗಳನ್ನೂ ಖಾಲಿ ಮಾಡಿ, ಬೇಕಾದ ಅಳತೆಗಳನ್ನಷ್ಟೇ ಉಳಿಸಿ. ಈ ಕೆಲಸ ಆಸ್ಪತ್ರೆಯ ಒಳಗೇ ಆಗಬೇಕು. ಅಳಿಸುವ ಮೊದಲಿನ ಫೈಲ್ ಯಾರ ಪೆನ್‌ಡ್ರೈವ್‌ಗೂ ಹೋಗಬಾರದು. ಕೊಲಾಬ್‌ಗಂತೂ ಹಾಕಲೇಬೇಡಿ.

ಇನ್ನೊಂದು ವಿಷಯ ಸ್ಕ್ಯಾನ್ ಕೋಣೆಯದು. ಪ್ರತಿ ಸ್ಲೈಸ್‌ಗೂ ರೋಗಿ ಉಸಿರು ಬಿಟ್ಟು ಹತ್ತು ಹನ್ನೆರಡು ಸೆಕೆಂಡ್ ತಡೆಯಬೇಕು. ಪ್ರತಿ ಸಲವೂ ಅಷ್ಟೇ ಬಿಡಬೇಕು. ಒಮ್ಮೆ ಅರ್ಧ, ಒಮ್ಮೆ ಪೂರ್ತಿ ಬಿಟ್ಟರೆ ಸ್ಲೈಸ್‌ಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಯಂತ್ರದ ರೆಕಾರ್ಡ್ ದನಿ ಇಂಗ್ಲಿಷ್‌ನಲ್ಲಿ ಹೇಳಿದರೆ ಆಳಂದದ ಹಳ್ಳಿಯಿಂದ ಬಂದ ಹಿರಿಯರಿಗೆ ಏನು ತಿಳಿಯಬೇಕು? ಟೆಕ್ನಿಷಿಯನ್ ಮೊದಲೇ ಹೊರಗೆ ಕೂರಿಸಿ, ‘ಕಾಕಾ, ಉಸಿರು ತಗೋರಿ. ಪೂರಾ ಬಿಡ್ರಿ. ಈಗ ಹಂಗೇ ಹಿಡೀರಿ’ ಎಂದು ಎರಡು ಮೂರು ಸಲ ರೂಢಿ ಮಾಡಿಸಬೇಕು. ಅದೇ ಮಾತನ್ನು ಮೈಕ್‌ನಲ್ಲೂ ಹೇಳಬೇಕು. ಉರ್ದು, ತೆಲುಗು, ಮರಾಠಿಯಲ್ಲೂ ಬರೆದಿಟ್ಟುಕೊಂಡರೆ ಒಳ್ಳೆಯದು. ಯಾವ ಆಗ್ಮೆಂಟೇಶನ್‌ಗಿಂತಲೂ ಇದು ಚಿತ್ರವನ್ನು ಜಾಸ್ತಿ ಸುಧಾರಿಸುತ್ತದೆ. ಕೋಡ್ ಬರೆಯುವ ಹುಡುಗರು ಒಂದು ದಿನ ಕನ್ಸೋಲ್ ಪಕ್ಕ ಕೂತು ನೋಡಲಿ.

ಸ್ಥಳೀಯ ಚಿತ್ರಗಳಿಗೆ ಇಬ್ಬರು ವೈದ್ಯರು ಒಬ್ಬರ ಗೆರೆ ಇನ್ನೊಬ್ಬರು ನೋಡದೆ ಎಳೆಯಲಿ. ಅವರಿಬ್ಬರ ನಡುವಿನ ವ್ಯತ್ಯಾಸವೇ ನಿಮ್ಮ ಮಾಡೆಲ್‌ಗೆ ಅಳತೆಗೋಲು. ಇಬ್ಬರು ಪರಿಣತರೇ ಇಎಫ್‌ನಲ್ಲಿ ಮೂರ್ನಾಲ್ಕು ಅಂಕ ಬೇರೆಯಾಗುತ್ತಿದ್ದರೆ ಮಾಡೆಲ್‌ನಿಂದ ಒಂದು ಅಂಕದ ನಿಖರತೆ ಕೇಳುವುದು ನ್ಯಾಯವಲ್ಲ. ಆರು ಅಂಕ ತಪ್ಪಿದರೆ ಒಪ್ಪುವುದೂ ಆಗದು.

ಹಂತ 9: ವೈದ್ಯರ ಕೈಗೆ ಕೊಡುವಾಗ

ಬರೀ ಸಂಖ್ಯೆ ತೋರಿಸಬೇಡಿ. ಚಿತ್ರದ ಮೇಲೆ ಗೆರೆ ಕಾಣಲಿ, ಮೌಸ್‌ನಿಂದ ಎಳೆದು ತಿದ್ದುವಂತಿರಲಿ. ತಿದ್ದಿದ ಕೂಡಲೇ ಇಎಫ್ ಬದಲಾಗಲಿ. ಪರದೆ ತೆರೆದಾಗ ಮೊದಲು ಕಾಣಬೇಕಾದದ್ದು ಬುಡದ ಎರಡು ಸ್ಲೈಸ್, ಎರಡೂ ಫ್ರೇಮ್‌ನಲ್ಲಿ, ಪಕ್ಕಪಕ್ಕ. ಸ್ನಾಯುವಿನ ಬಳೆ ಒಡೆದಿದ್ದರೆ, ಎಡ ಹೃತ್ಕುಕ್ಷಿ ಎರಡು ತುಂಡಾಗಿ ಬಂದಿದ್ದರೆ, ಗಾತ್ರದ ಗ್ರಾಫ್ ಜಿಗಿದಿದ್ದರೆ ಕೆಂಪು ಗುರುತು ಬರಲಿ. ಫಲಿತಾಂಶ 33ರಿಂದ 42ರ ನಡುವೆ ಇದ್ದರೆ ವೈದ್ಯರು ನೋಡಿ ಒಪ್ಪುವವರೆಗೆ ವರದಿ ಮುದ್ರಣ ಆಗದಂತೆ ಮಾಡಿ.

ಅಧ್ಯಯನ ಬೇರೆ, ಚಿಕಿತ್ಸೆಗೆ ಬಳಸುವುದು ಬೇರೆ. 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಇಂಥ ತಂತ್ರಾಂಶವೂ ವೈದ್ಯಕೀಯ ಸಾಧನವೇ, ಅದಕ್ಕೆ ಪರವಾನಗಿ ಬೇಕು. ಅದು ಇಲ್ಲದೆ ನಿಮ್ಮ ಮಾಡೆಲ್‌ನ ಇಎಫ್ ರೋಗಿಯ ವರದಿಗೆ ಹೋಗಬಾರದು. ಅಲ್ಲಿಯವರೆಗೆ ಅದು ವೈದ್ಯರ ಲೆಕ್ಕದ ಪಕ್ಕದಲ್ಲಿ ಹೋಲಿಕೆಗಾಗಿ ಓಡಲಿ. ಮಾಡೆಲ್ ಎಳೆದ ಗೆರೆ, ವೈದ್ಯರು ತಿದ್ದಿದ ಗೆರೆ, ಮಾಡೆಲ್‌ನ ಆವೃತ್ತಿ ಸಂಖ್ಯೆ, ಮೂರನ್ನೂ ಪ್ರತಿ ರೋಗಿಗೂ ಉಳಿಸಿಡಿ. ಬುಡದ ಸ್ಲೈಸ್‌ನಲ್ಲಿ ಎಷ್ಟು ಸಲ ತಿದ್ದಬೇಕಾಯಿತು ಎಂದು ತಿಂಗಳಿಗೊಮ್ಮೆ ಎಣಿಸಿ. ಮುಂದಿನ ತರಬೇತಿಗೆ ಮೊದಲು ಸೇರಬೇಕಾದದ್ದು ಆ ತಿದ್ದಿದ ಸ್ಲೈಸ್‌ಗಳೇ.